ಗಾಲ್ ಬ್ಲಾಡರ್ ಆಪರೇಷನ್ ಅಂತ ಹೇಳಿದರಾಯ್ತು

ತೂಕ ಇಳಿಸುವ ಸರ್ಜರಿಗೆ ಮುಂಚೆ ಡಾಕ್ಟರು ಒಮ್ಮೆ ನನ್ನಂಥವರ ಹತ್ತಿರ ಆಪ್ತಸಲಹೆಗೆ ಕಳಿಸುತ್ತಾರೆ. ಬರುವವರಲ್ಲಿ ಹೆಚ್ಚಿನವರಿಗೆ ಇದು ಸಹಿ ಹಾಕಿಸಿಕೊಂಡು ಹೋಗುವ ಕೆಲಸ. ಮದುವೆ ವಯಸ್ಸಿನ ಮಗಳನ್ನು ಕರೆತರುವ ತಾಯಂದಿರು ಇನ್ನೊಂದು ಮಾತು ಸೇರಿಸುತ್ತಾರೆ: ಇದು ಯಾರಿಗೂ ಗೊತ್ತಾಗಬಾರದು. ಈ ಮಾತು ಪದೇಪದೇ ಕಿವಿಗೆ ಬೀಳುತ್ತಿರುವುದರಿಂದ ಒಂದು ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ.

ಆಕೆಯನ್ನು ಅನಿತಾ ಅಂತ ಕರೆಯೋಣ. ಮಂಡ್ಯ ಕಡೆಯವಳು, ಮೂವತ್ತರ ಹತ್ತಿರದ ವಯಸ್ಸು, ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ತೂಕ 108 ಕಿಲೋ, ಬಿಎಂಐ (ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆ) 44ರ ಹತ್ತಿರ. ಶುಗರ್‌ಗೆ ಮಾತ್ರೆ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಅಂತ ರಾತ್ರಿ ಮಾಸ್ಕ್ ಹಾಕಿಕೊಂಡು ಮಲಗಬೇಕು. ಡಯಟ್, ಜಿಮ್, ಕಷಾಯ, ಪೌಡರ್ ಡಬ್ಬ ಎಲ್ಲ ಮುಗಿದಿತ್ತು. ಸರ್ಜನ್ ಬೈಪಾಸ್ ಮಾಡೋಣ ಎಂದಿದ್ದರು. ಅಂದರೆ ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದು.

ತಾಯಿಗೆ ಮೊದಲು ಭಯವಿತ್ತು. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಸುದ್ದಿ ತಲೆಯಲ್ಲಿ ಕೂತಿತ್ತು. ಅದು ಅಂದಕ್ಕಾಗಿ ಮೈಯ ಕೊಬ್ಬು ತೆಗೆಯುವ ಚಿಕಿತ್ಸೆ, ಇದು ಕಾಯಿಲೆಗೆ ಜಠರ ಮತ್ತು ಕರುಳಿನ ಮೇಲೆ ಮಾಡುವ ಸರ್ಜರಿ ಅಂತ ವಿವರಿಸಿದೆ. ಸಮಾಧಾನವಾಯಿತು. ಆಮೇಲೆ ನಿಜವಾದ ವಿಷಯಕ್ಕೆ ಬಂದರು. "ಹೊಟ್ಟೆ ಮೇಲೆ ನಾಲ್ಕೈದು ಸಣ್ಣ ಗುರುತು ಉಳಿಯುತ್ತಂತೆ. ಯಾರಾದ್ರೂ ಕೇಳಿದ್ರೆ ಗಾಲ್ ಬ್ಲಾಡರ್ ಕಲ್ಲು ತೆಗೆಸಿದ್ವಿ ಅಂದ್ರಾಯ್ತು. ಬರೋ ವೈಶಾಖದಲ್ಲಿ ಮದುವೆ ಮಾಡಿಬಿಡ್ತೀವಿ ಮೇಡಂ. ನೀವೊಂದು ಸೈನ್ ಹಾಕ್ಕೊಡಿ."

ಮುಂದಿನ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ ಅನಿತಾ ಜೊತೆ ಮಾತಾಡಿದೆ. ಉಪದೇಶ ಮಾಡಲಿಲ್ಲ. "ಮದುವೆ ಆಗಿದೆ ಅಂದ್ಕೊಳ್ಳಿ. ಇವತ್ತು ಬೀಗರೂಟ. ಎಲೆ ಮುಂದೆ ಕೂತಿದ್ದೀರಿ. ಏನೇನಾಗುತ್ತೆ ಹೇಳ್ತಾ ಹೋಗಿ" ಎಂದೆ.

ಆಕೆ ನಗುತ್ತಲೇ ಶುರು ಮಾಡಿದಳು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೊನೆಗೆ ಅನ್ನ. "ಅವರ ಕಡೆಯವರು ಸುಮ್ನೆ ಬಿಡಲ್ಲ ಮೇಡಂ. ನಾಚ್ಕೋಬೇಡ ತಿನ್ನಮ್ಮ ಅಂತ ಇನ್ನೊಂದು ಸೌಟು ಹಾಕೇ ಹಾಕ್ತಾರೆ. ನನಗೆ ನಾಲ್ಕು ತುತ್ತಿಗೆ ಸಾಕಾಗಿರುತ್ತೆ ಅಲ್ವಾ? ಮೇಲೆ ತಿಂದ್ರೆ?"

"ವಾಂತಿ ಆಗಬಹುದು."

"ಹೊಸ ಮದುಮಗಳು ವಾಂತಿ ಮಾಡಿದ್ರೆ ಏನಂದ್ಕೋತಾರೆ ಗೊತ್ತಾ ನಿಮಗೆ?"

ಇಬ್ಬರೂ ಜೋರಾಗಿ ನಕ್ಕೆವು. ನಾನು ಮುಂದುವರಿಸಿದೆ. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ಒತ್ತಾಯಕ್ಕೆ ಒಂದು ಜಿಲೇಬಿ ತಿಂದರೆ ಮೈ ಬೆವತು, ಎದೆ ಹೊಡೆದುಕೊಂಡು, ಮಲಗಿಬಿಡುವ ಹಾಗಾಗಬಹುದು. ವಿಟಮಿನ್, ಬಿ12, ಐರನ್, ಕ್ಯಾಲ್ಸಿಯಂ ಮಾತ್ರೆಗಳು ಜೀವನಪೂರ್ತಿ. ಐರನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗುವಂತಿಲ್ಲ, ಹಾಗಾಗಿ ದಿನಕ್ಕೆ ಮೂರ್ನಾಲ್ಕು ಸಲ ಡಬ್ಬಿ ತೆಗೆಯಲೇಬೇಕು.

"ಎಲ್ಲಿಡಲಿ ಮೇಡಂ ಅವನ್ನ?" ಎಂದಳು. ನಗು ನಿಂತಿತ್ತು. ದುಪಟ್ಟಾ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಈಗ ಬೀರುವಲ್ಲಿ ಸೀರೆ ಅಡಿ ಬಿಸ್ಕೆಟ್ ಪ್ಯಾಕೆಟ್ ಇಡ್ತೀನಿ. ಎಲ್ಲರೂ ಮಲಗಿದ್ಮೇಲೆ ತಿಂತೀನಿ. ಅಮ್ಮಂಗೂ ಗೊತ್ತಿಲ್ಲ. ಈಗ ಜಾಸ್ತಿ ತಿನ್ನೋದನ್ನ ಬಚ್ಚಿಡ್ತಿದ್ದೀನಿ, ಆಮೇಲೆ ಕಮ್ಮಿ ತಿನ್ನೋದನ್ನ ಬಚ್ಚಿಡಬೇಕು. ಸಣ್ಣ ಆಗಿ ಏನು ಬಂತು?"

ರಾತ್ರಿ ಕದ್ದು ತಿನ್ನುವ ವಿಷಯ ಆಸ್ಪತ್ರೆಯ ಯಾವ ಫಾರಂನಲ್ಲೂ ಇರಲಿಲ್ಲ. ತಾಯಿ ಪಕ್ಕದಲ್ಲಿ ಕೂತಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಹಾಗೇ ಬಿಟ್ಟು ಸರ್ಜರಿ ಮಾಡಿದರೆ, ಒಂದೆರಡು ವರ್ಷದಲ್ಲಿ ಅದು ಇನ್ನೊಂದು ದಾರಿ ಹಿಡಿಯುತ್ತದೆ. ದೊಡ್ಡ ಊಟ ಹಿಡಿಸದಿದ್ದರೂ ಬಿಸ್ಕೆಟ್ಟು, ಐಸ್‌ಕ್ರೀಮು ಚೂರುಚೂರಾಗಿ ದಿನವಿಡೀ ಒಳಗೆ ಹೋಗುತ್ತಲೇ ಇರುತ್ತದೆ. ಇಳಿದ ತೂಕ ಮತ್ತೆ ಏರುವುದು ಎಷ್ಟೋ ಸಲ ಹೀಗೆಯೇ.

ನಾನು ಕೊಟ್ಟ ಸಲಹೆ ಇಷ್ಟು. ಸರ್ಜರಿ ಮಾಡಿಸಿಕೊಳ್ಳಿ. ಬಿಎಂಐ 44, ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇಷ್ಟಿದ್ದಾಗ ಇದು ಚಿಕಿತ್ಸೆ. ಸೋಮಾರಿಗಳ ಅಡ್ಡದಾರಿ ಅಂತ ಅನ್ನುವವರಿಗೆ ನನ್ನ ಹತ್ತಿರ ತಾಳ್ಮೆ ಕಮ್ಮಿ. ಆದರೆ ಮೊದಲು ಕೆಲವು ತಿಂಗಳು ರಾತ್ರಿ ತಿನ್ನುವುದರ ಮೇಲೆ ಕೆಲಸ ಮಾಡೋಣ. ಹೊತ್ತು ಹೊತ್ತಿಗೆ ಊಟ, ತಿಂದಿದ್ದನ್ನು ಬರೆದಿಡುವುದು, ಯಾವ ದಿನ ಪ್ಯಾಕೆಟ್ ಒಡೆದಿರಿ ಮತ್ತು ಆವತ್ತು ಮನೆಯಲ್ಲಿ ಏನಾಗಿತ್ತು ಅಂತ ನೋಡುವುದು. ಆ ವೈಶಾಖದ ಮದುವೆ ಬೇಡ. ಸರ್ಜರಿಯಾಗಿ ಒಂದು ವರ್ಷದಿಂದ ಒಂದೂವರೆ ವರ್ಷ ಬಸುರಾಗಬಾರದು ಅಂತ ಡಾಕ್ಟರುಗಳೇ ಹೇಳುತ್ತಾರೆ. ಮದುವೆಯಾದ ಮೂರನೇ ತಿಂಗಳಿಗೇ 'ಏನಾದ್ರೂ ವಿಶೇಷ ಇದ್ಯಾ' ಅಂತ ಕೇಳುವ ಮನೆಗಳಲ್ಲಿ ಈ ಕಾರಣ ಹೇಳದೆ ತಡೆಯುವುದು ಹೇಗೆ? ಗಂಡು ನೋಡುವಾಗ, ನಿಶ್ಚಿತಾರ್ಥಕ್ಕೆ ಮುಂಚೆ, ಆ ಹುಡುಗನಿಗೆ ನೀವೇ ಹೇಳಿ. ಅಕ್ಕಪಕ್ಕದವರಿಗೆ ಹೇಳಬೇಕಾಗಿಲ್ಲ. ಡಾಕ್ಟರುಗಳಿಗೆ ಮಾತ್ರ ಒಬ್ಬರನ್ನೂ ಬಿಡದೆ ಹೇಳಿ.

ಈ ಕೊನೆಯದಕ್ಕೆ ಕಾರಣ ಗಾಲ್ ಬ್ಲಾಡರ್ ಸುಳ್ಳೇ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ನಿಜವಾಗಿಯೂ ಕಲ್ಲಾಗುವ ಸಂಭವ ಜಾಸ್ತಿ. ಗಂಡನ ಊರಲ್ಲಿ ನಡುರಾತ್ರಿ ಹೊಟ್ಟೆನೋವು ಬಂದು, ಜೊತೆಗೆ ಬಂದವರು 'ಗಾಲ್ ಬ್ಲಾಡರ್ ಆಗಲೇ ತೆಗೆಸಿದೆ' ಅಂದರೆ ಆ ಡ್ಯೂಟಿ ಡಾಕ್ಟರ್ ಏನು ಯೋಚಿಸಬೇಕು? ಬೈಪಾಸ್ ಆದವರಲ್ಲಿ ಕರುಳು ಒಳಗೇ ಸಂದಿಗೆ ಸಿಕ್ಕಿಕೊಳ್ಳುವುದುಂಟು, ಬಸುರಿಯಲ್ಲೂ ಆಗಬಹುದು, ತಡ ಮಾಡುವಂತಿಲ್ಲ. ಮಾಮೂಲಿ ನೋವಿನ ಮಾತ್ರೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಿಂದ ಹುಣ್ಣಾಗಬಹುದು. ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಟೆಸ್ಟ್ ಕೂಡ ಇವರಿಗೆ ಆಗಿಬರುವುದಿಲ್ಲ.

ಆಕೆಯ ಸೋದರಮಾವ ಫೋನ್ ಮಾಡಿ, "ಮದುವೆ ವಿಷಯ ನಿಮಗ್ಯಾಕಮ್ಮಾ, ನಿಮ್ಮ ಕೆಲಸ ಸೈನ್ ಹಾಕೋದು" ಎಂದರು. ಮದುವೆಯನ್ನು ನನ್ನ ರೂಮಿಗೆ ತಂದವರು ಅವರ ಅಕ್ಕ, ನಾನಲ್ಲ. ಇದೇ ಸರ್ಜರಿ ಮಾಡಿಸಿಕೊಂಡ ಗಂಡಸರು ಹಳೇ ಪ್ಯಾಂಟ್ ಹಿಡಿದು ಫೋಟೋ ಹಾಕಿಕೊಳ್ಳುವುದನ್ನೂ ನೋಡಿದ್ದೇನೆ. ಬಚ್ಚಿಡುವ ಕೆಲಸ ಹೆಣ್ಣುಮಕ್ಕಳಿಗೇ ಯಾಕೆ ಬರುತ್ತದೆ ಅಂತ ಅವರನ್ನು ಕೇಳಬೇಕೆನಿಸಿತು, ಫೋನ್ ಇಟ್ಟುಬಿಟ್ಟರು. ಹುಡುಗನಿಗೆ ಹೇಳಿದರೆ ಸಂಬಂಧ ತಪ್ಪಬಹುದು ಅನ್ನುವುದು ನಿಜ. ಅನಿತಾಗೆ ಒಂದು ತಪ್ಪಿತು ಕೂಡ. ಆದರೂ ನನ್ನ ಸಲಹೆ ಬದಲಾಗಿಲ್ಲ.

ಸರ್ಜರಿ ಆಯಿತು. ಮಾಸ್ಕ್ ಈಗ ಬೇಕಿಲ್ಲ, ಶುಗರ್ ಮಾತ್ರೆ ಕಮ್ಮಿಯಾಗಿದೆ. ನಡುವೆ ಕೂದಲು ಉದುರಿತು ಅಂತ ಹೆದರಿ ಬಂದಿದ್ದಳು. ಮೊದಲ ತಿಂಗಳುಗಳಲ್ಲಿ ಅದು ಸಾಮಾನ್ಯ, ಪ್ರೋಟೀನ್ ಸರಿಯಾಗಿ ತಿನ್ನಿ ಎಂದೆ. ತಾಯಿ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಈಗ ಚಿಕ್ಕಮ್ಮ ಜೊತೆಗೆ ಬರುತ್ತಾರೆ.

ಇಂಥದ್ದಕ್ಕೆ ಬರುವ ಮನೆಯವರಿಗೆ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಎರಡು ಮಾತು ಹೇಳಿಬಿಡುತ್ತೇನೆ. ಅರ್ಧ ಗಂಟೆಯಾದರೂ ಮಗಳು ಒಬ್ಬಳೇ ಒಳಗೆ ಕೂರಬೇಕು. ಮದುವೆ ಮಾತುಕತೆ ನಡೆಯುತ್ತಿದ್ದರೆ ಅದನ್ನು ಮೊದಲೇ ಹೇಳಿ, ಸರ್ಜರಿಯ ದಿನ ಆಮೇಲೆ ಗೊತ್ತುಮಾಡೋಣ.