ಧರೆಯ ಕಡೆಗಿನ ಕೋಣೆಯಲ್ಲಿ ಮಲಗಬೇಡಿ

ಆರಿದ್ರಾ ಮಳೆ ಹಿಡಿಯುತ್ತಿದ್ದಂತೆ ನನಗೆ ಬರುವ ಪತ್ರಗಳ ಧಾಟಿ ಒಂದೇ: ಮನೆಯ ಹಿಂದಿನ ಧರೆ, ಎಂದರೆ ಗುಡ್ಡ ತರಿದಾಗ ನಿಲ್ಲುವ ಮಣ್ಣಿನ ಗೋಡೆ, ಜಾರಿದರೆ ಏನು ಗತಿ? ಮಣ್ಣು, ಇಳಿಜಾರು ಎಂದು ಗುಡ್ಡ ಸುತ್ತುವುದರಲ್ಲೇ ನನ್ನ ನೌಕರಿ ಕಳೆಯಿತು. ಬೇಸಿಗೆಯಲ್ಲಿ ಕೇಳಿದ್ದರೆ ಹತ್ತು ದಾರಿ ತೋರಿಸಬಹುದಿತ್ತು. ಆಷಾಢದಲ್ಲಿ ಕೇಳಿದರೆ ಉಳಿಯುವುದು ಎರಡೋ ಮೂರೋ. ಈ ಸಲ ಮತ್ತೆ ಮತ್ತೆ ಬಂದ ಒಂದು ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ಹೊಸನಗರ ತಾಲ್ಲೂಕಿನವರು ನಾವು. ನಾಲ್ಕು ವರ್ಷದ ಹಿಂದೆ ಗುಡ್ಡ ತರಿದು ಮನೆ ಕಟ್ಟಿಸಿದೆವು. ಹಿಂದಿನ ಧರೆ ಇಪ್ಪತ್ತು ಅಡಿ ಇದೆ, ಗೋಡೆಗೂ ಅದಕ್ಕೂ ಆರಡಿ ಅಂತರ. ಹೋದ ವರ್ಷ ಸ್ವಲ್ಪ ಮಣ್ಣು ಜಾರಿತ್ತು. ಪ್ಲಾಸ್ಟಿಕ್ ಹೊದಿಸಿ ಲಾವಂಚ ನೆಟ್ಟರೆ ಸಾಕು ಎನ್ನುತ್ತಾರೆ. ಧರೆಯ ಮೇಲೆ ಇಂಗುಗುಂಡಿ ತೆಗೆಸಿ ಎಂದೂ ಒಬ್ಬರು ಹೇಳಿದರು. ಏನು ಮಾಡಲಿ?

ಇಂಗುಗುಂಡಿ ತೆಗೆಸಿದ್ದರೆ ಇವತ್ತೇ ಮಣ್ಣು ತುಂಬಿ, ಗಟ್ಟಿಯಾಗಿ ಬಡಿದು ಮುಚ್ಚಿಸಿ. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾದದ್ದು ಧರೆಯ ನೆತ್ತಿಯ ಮೇಲೆ ಮನೆ ಕೆಡವುವ ಕೆಲಸ. ಇದನ್ನು ಊರೂರಿಗೆ ಹೋಗಿ ಬೋಧಿಸುವವರಿಗೆ ನಾನು ಎದುರಾ ಎದುರೇ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ನಮ್ಮ ಗುಡ್ಡಗಳಲ್ಲಿ ಎಷ್ಟೋ ಕಡೆ ಮೇಲೆ ಜಂಬಿಟ್ಟಿಗೆ ಎಂಬ ಕೆಂಪು ತೂತುಗಲ್ಲು, ಅದರ ಕೆಳಗೆ ಜೇಡಿಯಂಥ ನುಣ್ಣನೆಯ ಶೇಡಿಮಣ್ಣು, ಅದಕ್ಕೂ ಕೆಳಗೆ ಕಲ್ಲು. ಜಂಬಿಟ್ಟಿಗೆ ನೀರು ಕುಡಿದು ಕೆಳಗೆ ಬಿಡುತ್ತದೆ. ಶೇಡಿಯ ಗುಣ ತಿಳಿಯಬೇಕಾದರೆ ಒಣಗಿದ ಹೆಂಟೆಯೊಂದನ್ನು ನೀರಿನ ಲೋಟಕ್ಕೆ ಹಾಕಿ ನೋಡಿ. ಬೇಸಿಗೆಯಲ್ಲಿ ಪಿಕಾಸಿಗೂ ಬಗ್ಗದ ಮಣ್ಣು, ಅಂಚಿನಿಂದ ಗುಳ್ಳೆ ಬಿಡುತ್ತಾ ಪದರ ಪದರ ಉದುರಿ, ನೀವು ಕಾಫಿ ಕುಡಿದು ಮುಗಿಸುವುದರೊಳಗೆ ತಳದಲ್ಲಿ ಅಂಬಲಿಯಾಗಿ ಕೂತಿರುತ್ತದೆ. ನಿಮ್ಮ ಧರೆಯ ಒಳಗೆ ಜಡಿಮಳೆಯ ಹತ್ತನೇ ದಿನ ನಡೆಯುವುದೂ ಇದೇ. ಹತ್ತು ಗುಂಟೆ ಇಳಿಜಾರಿನ ಮೇಲೆ 200 ಮಿ.ಮೀ. ಮಳೆ ಬಿತ್ತೆಂದರೆ ಎರಡು ಲಕ್ಷ ಲೀಟರ್ ನೀರು. ಅದರಲ್ಲಿ ಒಳಗಿಳಿದದ್ದು ಮಣ್ಣಿನ ತೂಕ ಹೆಚ್ಚಿಸುತ್ತದೆ, ಕಣ ಕಣದ ಹಿಡಿತವನ್ನೂ ಬಿಡಿಸುತ್ತದೆ.

ಪ್ಲಾಸ್ಟಿಕ್ ಹೊದಿಸುವುದು ಧರೆಯ ಮುಖಕ್ಕೆ. ನೀರು ಬರುತ್ತಿರುವುದು ಬೆನ್ನಿನಿಂದ. ಲಾವಂಚ ಒಳ್ಳೆಯ ಹುಲ್ಲು, ಆರರಿಂದ ಹತ್ತು ಅಡಿ ಬೇರಿಳಿಸುತ್ತದೆ, ಮೇಲ್ಮಣ್ಣು ಕೊಚ್ಚದಂತೆ ತಡೆಯುತ್ತದೆ. ಆದರೆ ಈ ಮಳೆಗಾಲದಲ್ಲಿ ನೆಟ್ಟ ಗಿಡ ಈ ಮಳೆಗಾಲದಲ್ಲಿ ಏನನ್ನೂ ಹಿಡಿಯುವುದಿಲ್ಲ, ಮತ್ತು ಇಪ್ಪತ್ತು ಅಡಿಯ ನೆಟ್ಟಗಿನ ಧರೆ ಜಾರುವಾಗ ಬೇರಿಗಿಂತ ಹಿಂದಿನಿಂದ, ಗಿಡ ಸಮೇತ ಬರುತ್ತದೆ. 'ಲಾವಂಚ ನೆಟ್ಟರೆ ಗ್ಯಾರಂಟಿ' ಎಂದು ಸಸಿ ಮಾರುವವರನ್ನು ಒಂದು ಮಾತು ಕೇಳಿ: ಆ ಧರೆಯ ಬುಡದಲ್ಲಿ ನಿಮ್ಮ ಮಕ್ಕಳನ್ನು ಮಲಗಿಸುತ್ತೀರಾ?

'ಅಜ್ಜನ ಕಾಲದಲ್ಲಿ ಇದಕ್ಕಿಂತ ಜೋರು ಮಳೆ, ಆಗೇನೂ ಆಗಲಿಲ್ಲ' ಎನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಮಳೆ ಹಳೆಯದೇ ಇರಬಹುದು, ಧರೆ ಹೊಸದು. ಅಜ್ಜ ಗುದ್ದಲಿಯಲ್ಲಿ ಆಳೆತ್ತರ ತರಿಯುವಷ್ಟರಲ್ಲಿ ಸುಸ್ತಾಗುತ್ತಿದ್ದ. ನಿಮ್ಮ ಜೆಸಿಬಿ ಒಂದೇ ದಿನದಲ್ಲಿ ಇಪ್ಪತ್ತು ಅಡಿ ನೆಟ್ಟಗೆ ಕತ್ತರಿಸಿತು. ಅಂಕೋಲಾ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗಂಗಾವಳಿ ನದಿಯ ತನಕ ಜಾರಿದ್ದೂ ಹೆದ್ದಾರಿಗೆಂದು ತರಿದ ಗುಡ್ಡವೇ.

ನಾನು ಅತಿಯಾಗಿ ಹೆದರಿಸುತ್ತೇನೆ ಎನ್ನುವವರಿದ್ದಾರೆ. ಅದಕ್ಕೆ ಕಾರಣವಿದೆ. ಕೆಲವು ವರ್ಷದ ಹಿಂದೆ ಆಗುಂಬೆ ಕಡೆಯ ಮನೆಯೊಂದರ ಧರೆ ಹತ್ತಿ ನೋಡಿದ್ದೆ. ಮೇಲೆ ಒಣಗಿದ ದರಗೆಲೆ ಕೆದಕಿದರೆ ಬೆರಳು ಹೋಗುವಷ್ಟು ಬಿರುಕು, ಮನೆಯಷ್ಟೇ ಉದ್ದಕ್ಕೆ. ಕೊಡೆಯ ತುದಿ ಇಳಿಸಿದೆ, ಹಿಡಿಕೆಯವರೆಗೂ ಹೋಯಿತು. ಮನೆಯವರು ಊಟಕ್ಕೆ ಕೂರಿಸಿ ಉಪಚರಿಸಿದರು. ಬಿಟ್ಟು ಹೋಗಿ ಎನ್ನಲು ಬಾಯಿ ಬರದೆ 'ಈ ಮಳೆಗಾಲ ಕಳೆಯಲಿ, ನೋಡೋಣ' ಎಂದು ಬಂದೆ. ಐದನೇ ದಿನ ಹಿಂದಿನ ಗೋಡೆ ಮಂಚದ ಮೇಲೆ ಮಲಗಿತ್ತು. ಕರು ಹಾಕುತ್ತಿದ್ದ ಹಸುವನ್ನು ನೋಡಲು ಎಲ್ಲರೂ ಕೊಟ್ಟಿಗೆಗೆ ಹೋಗಿದ್ದರಿಂದ ಜೀವ ಉಳಿಯಿತು. ಅಂದಿನಿಂದ 'ನೋಡೋಣ' ಎಂಬ ಮಾತನ್ನು ನಾನು ಯಾವ ಧರೆಯ ಕೆಳಗೂ ಆಡಿಲ್ಲ.

ಹಾಗಾಗಿ ಈ ರಾತ್ರಿಯಿಂದಲೇ ಹಾಸಿಗೆ ಜಗಲಿ ಕಡೆಗೆ ಬರಲಿ. ಆರಡಿ ಅಂತರ ಅಂತರವೇ ಅಲ್ಲ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬೇಕು, ನನ್ನ ಲೆಕ್ಕ ಅದರ ಒಂದೂವರೆ ಪಟ್ಟು. ಧರೆಯ ಮೇಲೆ ಬಚ್ಚಲ ನೀರು, ಪಾಯಿಖಾನೆ ಗುಂಡಿ, ಸೋರುವ ಪೈಪು ಇದ್ದರೆ ತಪ್ಪಿಸಿ. ಮೇಲಿಂದ ಹರಿದು ಬರುವ ನೀರನ್ನು ಧರೆಯ ಅಂಚಿನಿಂದ ದೂರದಲ್ಲೇ ತಡೆದು ಪಕ್ಕದ ಹಳ್ಳಕ್ಕೆ ಬಿಡಿ. ಆ ಕಾಲುವೆಗೆ ತಾಡಪಾಲು ಹಾಸಿ, ಇಲ್ಲದಿದ್ದರೆ ಅದೂ ಇಂಗುಗುಂಡಿಯೇ. ಬಿರುಕು ಕಂಡರೆ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಳತೆ ಬರೆದಿಡಿ. ಅಂತರ ಬೆಳೆಯಿತೋ, ಹೊಸ ಜಲ (ಒರತೆ) ಎದ್ದು ಕೆಂಪು ನೀರು ಬಂತೋ, ಹಿಂಬಾಗಿಲು ಇದ್ದಕ್ಕಿದ್ದಂತೆ ಬಿಗಿಯಿತೋ, ತುಂಬಿ ಹರಿಯುತ್ತಿದ್ದ ಹಳ್ಳ ಮಳೆ ನಿಲ್ಲದೆಯೂ ಸಣ್ಣಗಾಯಿತೋ, ಹೊರಡಿ.

ಎಲ್ಲಿಗೆ ಹೊರಡುವುದು ಎಂಬುದನ್ನು ಕೇರಿಯವರೆಲ್ಲ ಕೂತು ಮೊದಲೇ ತೀರ್ಮಾನಿಸಿರಬೇಕು. ವಯನಾಡಿನ ಮುಂಡಕ್ಕೈ, ಚೂರಲ್ಮಲೆಗೆ ಗುಡ್ಡ ಬಂದದ್ದು 2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ. ಆ ಹೊತ್ತಿಗೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ ಎಂದೇ ಲೆಕ್ಕ ಹಾಕಿ. ಶಾಲೆಯ ಬೀಗದ ಕೈ ಯಾರ ಮನೆಯಲ್ಲಿದೆ? ನಡೆಯಲಾಗದ ಅಜ್ಜಿಯನ್ನು ಹೊರುವ ಇಬ್ಬರು ಯಾರು? ದಾರಿಯ ಸಂಕ (ಕಾಲುಸೇತುವೆ) ಮುಳುಗಿದರೆ ಬೇರೆ ದಾರಿ ಯಾವುದು? ಹಸುಗಳ ಹಗ್ಗ ಬಿಚ್ಚುವವರು ಯಾರು? ಈ ನಾಲ್ಕಕ್ಕೆ ಹೆಸರು ಹಿಡಿದು ಉತ್ತರ ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಆಮೇಲೆ ಒಂದು ಹಗಲು ಮಳೆಯಲ್ಲೇ ಆ ದಾರಿ ನಡೆದು ನೋಡಿ.

ಮಳೆ ನಿಂತ ಮೇಲೆ ಧರೆಯನ್ನು ಹತ್ತಡಿಗೊಂದು ಮೆಟ್ಟಿಲಾಗಿ ತರಿಸುವ ಮಾತಾಡೋಣ. ತಡೆಗೋಡೆ ಕಟ್ಟುವುದಾದರೆ ಬೆನ್ನಿಗೆ ಜಲ್ಲಿ, ಮೈತುಂಬ ನೀರು ಬಸಿಯುವ ತೂತು ಇರಲೇಬೇಕು. ತೂತಿಲ್ಲದ ಕಾಂಕ್ರೀಟು ಗೋಡೆ ನೀರಿಗೆ ಕಟ್ಟಿದ ಅಣೆಕಟ್ಟು. ಅದು ಬೀಳುವಾಗ ಇಡಿಯಾಗಿ ಬೀಳುತ್ತದೆ.

ಪ್ರಶ್ನೆ: ರೆಡ್ ಅಲರ್ಟ್ ಕೊಟ್ಟರು, ನಮ್ಮೂರಲ್ಲಿ ಬಿಸಿಲು. ನಂಬುವುದು ಹೇಗೆ? (ಸಾಗರ)

ಮುನ್ಸೂಚನೆ ಜಿಲ್ಲೆಗೆ, ನಿಮ್ಮ ಅಂಗಳಕ್ಕಲ್ಲ. 24 ಗಂಟೆಯಲ್ಲಿ 204.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅತ್ಯಂತ ಭಾರಿ ಮಳೆ, ರೆಡ್ ಅಲರ್ಟ್ ಸಾಮಾನ್ಯವಾಗಿ ಅದರ ಎಚ್ಚರಿಕೆ. ಬುಡದಿಂದ ಬಾಯಿಯವರೆಗೆ ಒಂದೇ ಅಗಲದ ಡಬ್ಬಿಯನ್ನು ಅಂಗಳದ ನಡುವೆ ಇಟ್ಟು ದಿನಾ ಬೆಳಿಗ್ಗೆ ಸ್ಕೇಲಿನಲ್ಲಿ ಅಳೆಯಿರಿ. ಒಂದು ದಿನದ ಲೆಕ್ಕಕ್ಕಿಂತ ಮೂರ್ನಾಲ್ಕು ದಿನದ ಮೊತ್ತ ಮುಖ್ಯ.

ಪ್ರಶ್ನೆ: ಗಾಜನೂರಿನ ತುಂಗಾ ಅಣೆಕಟ್ಟಿನ ಗೇಟು ತೆಗೆಯದಿದ್ದರೆ ಶಿವಮೊಗ್ಗಕ್ಕೆ ನೀರು ನುಗ್ಗುವುದಿಲ್ಲ ಅಲ್ಲವೇ?

ಅಲ್ಲ. ಅದು 3.24 ಟಿಎಂಸಿಯ ಸಣ್ಣ ಜಲಾಶಯ. ತುಂಬಿದ ಮೇಲೆ ಬಂದದ್ದನ್ನೆಲ್ಲ ಬಿಡಲೇಬೇಕು. ತಗ್ಗಿನ ಬಡಾವಣೆಯವರು ಗೇಟಿನ ಸುದ್ದಿ ಕಾಯುವ ಬದಲು ಶೃಂಗೇರಿ, ಆಗುಂಬೆಯ ಮಳೆ ಕೇಳಿ, ತೀರ್ಥಹಳ್ಳಿಯ ಹೊಳೆಯಲ್ಲಿರುವ ರಾಮಮಂಟಪ ಮುಳುಗಿತೇ ವಿಚಾರಿಸಿ. ಆ ನೀರು ನಿಮ್ಮಲ್ಲಿಗೇ ಬರುತ್ತದೆ.

ಪ್ರಶ್ನೆ: ಇಡೀ ತೋಟಕ್ಕೆ ಸಿಡಿಲು ತಡೆಯುವ ತಾಮ್ರದ ಯಂತ್ರ ಮಾರಲು ಬಂದಿದ್ದಾರೆ. ಕೊಳ್ಳಬಹುದೇ?

ಬೇಡ. ಗುಡುಗು ಕೇಳಿದೊಡನೆ ಅಡಿಕೆ ಕೊಯ್ಯುವ ಕೊನೆಗೌಡರನ್ನು ಮರದಿಂದ ಇಳಿಸಿ, ಕೊಯ್ಯುವ ಉದ್ದ ದೋಟಿ ಕೆಳಗಿಡಿ, ಮನೆಯೊಳಗೆ ಬನ್ನಿ.

ಪ್ರಶ್ನೆ: ಧರೆ ಕುಸಿದು ಹಿತ್ತಲಲ್ಲಿ ಮಣ್ಣು ರಾಶಿ ಬಿದ್ದಿದೆ. ನಾಳೆ ಜೆಸಿಬಿ ತರಿಸಲೇ? (ತೀರ್ಥಹಳ್ಳಿ)

ಖಂಡಿತ ಬೇಡ. ಬಿದ್ದ ಮಣ್ಣು ಈಗ ಉಳಿದ ಧರೆಗೆ ಊರುಗೋಲು. ಬುಡದಿಂದ ಅದನ್ನು ಎಳೆದರೆ ಮೇಲಿನದು ಇಳಿಯುತ್ತದೆ, ಆಗ ಕೆಳಗಿರುವುದು ಜೆಸಿಬಿ ಓಡಿಸುವ ಹುಡುಗ. ಹಿಂದಿನ ಕೋಣೆಗಳಿಗೆ ಬೀಗ ಹಾಕಿ ಹೊರಗಿರಿ. ಮಣ್ಣು ತೆಗೆಯುವ ಕೆಲಸ ದೀಪಾವಳಿ ಕಳೆದ ಮೇಲೆ, ಮೇಲಿನಿಂದ ಕೆಳಕ್ಕೆ.