‘ಇದು ಯಾರಿಗೆ?’ ಎಂದು ಗಂಡ ಕೇಳಿದಾಗ

ತಮ್ಮ ದುಡ್ಡಲ್ಲಿ ತಮಗೇ ಅಂತ ಏನೋ ತರಿಸಿ, ಮನೆಯವರಿಂದ ಬಚ್ಚಿಟ್ಟು, ಆಮೇಲೆ ಆ ಸಂಕಟ ಹೊತ್ತು ನನ್ನ ಬಳಿ ಆಪ್ತಸಲಹೆಗೆ ಬರುವ ಹೆಂಗಸರನ್ನು ಆಗಾಗ ನೋಡುತ್ತೇನೆ. ಒಬ್ಬರದು ಸೀರೆ, ಇನ್ನೊಬ್ಬರದು ಬಣ್ಣದ ಡಬ್ಬಿ. ಅದಕ್ಕೇ ಅಂಥ ಒಬ್ಬರ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಶಿರಸಿ ಕಡೆಯ ತೋಟದ ಮನೆ. ನಲವತ್ತು ದಾಟಿದ ಹೆಂಗಸು. ಹೊಲಿಗೆಯಿಂದ ಕೈಯಲ್ಲಿ ಒಂದಿಷ್ಟು ಸ್ವಂತ ಕಾಸು. ನಿದ್ದೆ ಇಲ್ಲ, ಎದೆ ಡವಡವ ಅಂತ ಬಂದಿದ್ದರು. ಡಾಕ್ಟರು ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಅಂದಿದ್ದರು. ಮೊದಮೊದಲು ಅತ್ತೆಯ ಮಂಡಿನೋವು, ಅಡಿಕೆಗೆ ಬಂದ ಕೊಳೆರೋಗ, ಮಗನ ಫೀಸು, ಇಷ್ಟೇ ಮಾತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಕೈಚೀಲದಿಂದ ರಟ್ಟಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣಿಗೆ, ಹಾಕುವವರಿಗೆ ಆನ್‌ಲೈನಲ್ಲಿ ಸಿಗುವ ಸರ್‌ಪ್ರೈಸ್ ಬಾಕ್ಸ್. ಯಾವ ಬಣ್ಣದ ನೂಲು, ಯಾವ ಅಳತೆಯ ಕಡ್ಡಿ ಬರುತ್ತದೆ ಅಂತ ಮೊದಲೇ ಹೇಳುವುದಿಲ್ಲ. ಅದು ಮನೆಗೆ ಬಂದ ದಿನ ಗಂಡ ‘ಇದು ಯಾರಿಗೆ?’ ಅಂದರು. ಇವರು ‘ನಾದಿನಿ ಮಗಳಿಗೆ’ ಅಂದುಬಿಟ್ಟರು. ರಾತ್ರಿ ಒಮ್ಮೆ ಬಿಚ್ಚಿ ನೋಡಿ ಅಟ್ಟಕ್ಕೆ ಸೇರಿಸಿದರು. ಆಷಾಢದ ಥಂಡಿಗೆ ಹತ್ತಿ ನೂಲಿಗೆ ಬೂಷ್ಟು ಹಿಡಿದಿತ್ತು. ಸಾಸಿವೆ ಬಣ್ಣದ ಉಂಡೆಗಳ ಮೇಲೆಲ್ಲ ಕಪ್ಪು ಚುಕ್ಕಿ, ಮುಗ್ಗಲು ವಾಸನೆ. 4 ಮಿಲಿಮೀಟರ್ ಕಡ್ಡಿ ಮಾತ್ರ ಹೊಸದಾಗೇ ಇತ್ತು.

‘ದುಡ್ಡು ಹೋಯ್ತು ಅಂತ ಬೇಜಾರಾ?’ ಎಂದು ಕೇಳಿದೆ.

ಅಲ್ಲ ಎಂದು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: ‘ಮನೇಲಿ ಯಾವ ಡಬ್ಬಿಯಲ್ಲಿ ಏನಿದೆ ಅಂತ ನಂಗೆ ಗೊತ್ತು. ಯಾರಿಗೆ ಯಾವ ಹಬ್ಬಕ್ಕೆ ಏನು ಬೇಕು ಅಂತಾನೂ ಗೊತ್ತು. ನಾನೇ ತರೋದು, ನಾನೇ ಕೊಡೋದು. ನಂಗೆ ಗೊತ್ತಿಲ್ಲದ್ದು ಏನಾದ್ರೂ ಒಂದು ನಂಗೇ ಅಂತ ಬರ್ಲಿ ಅನ್ನಿಸಿತ್ತು. ಅದನ್ನ ಬಿಚ್ಚೋಕೂ ಎಲ್ರೂ ಮಲಗೋ ತನಕ ಕಾಯ್ಬೇಕಾಯ್ತು.’

ಮಾತಾಡುತ್ತಲೇ ಬೂಷ್ಟು ತಾಗದ ಒಂದು ಎಳೆ ಹುಡುಕಿ ತೆಗೆದರು. ಗಂಟು ಹಾಕಿ ಕಡ್ಡಿಯಲ್ಲಿ ಸರಪಳಿ ಎಳೆಯತೊಡಗಿದರು. ಎಡಗೈಯ ತೋರುಬೆರಳಿಗೆ ನೂಲು ಸುತ್ತಿಕೊಂಡ ರೀತಿ ನೋಡಿದರೇ ಇದು ನಿನ್ನೆ ಮೊನ್ನೆ ಕಲಿತದ್ದಲ್ಲ ಅಂತ ಗೊತ್ತಾಗುತ್ತಿತ್ತು. ಮದುವೆಗೆ ಮುಂಚೆ ಕಲಿತದ್ದಂತೆ. ಆಮೇಲೆ ಹೆಣೆದದ್ದೆಲ್ಲ ಟಿವಿ ಕವರು, ಬಾಣಂತಿ ಮನೆಗೆ ಟೋಪಿ, ಬಾಗಿಲ ತೋರಣ.

ನಾನು ಹೇಳಿದ್ದು ಹೀಗೆ. ನೂಲನ್ನು ಸೋಪಿನ ನೀರಲ್ಲಿ ತೊಳೆದು ಅಂಗಳದ ಬಿಸಿಲಲ್ಲಿ, ಎಲ್ಲರಿಗೂ ಕಾಣುವಂತೆ ಒಣಗಿಸಿ. ಕಲೆ ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ಯಾರಿಗೆ ಅಂತ ಕೇಳಿದರೆ ‘ನಂಗೆ’ ಅನ್ನಿ. ಬೆಲೆ ಕೇಳಿದರೆ ಇದ್ದದ್ದನ್ನೇ ಹೇಳಿ. ಮೊದಲು ಹೆಣೆಯುವುದು ನಿಮಗಾಗಿಯೇ ಇರಲಿ. ಮಾರುವ ಯೋಚನೆ ಸದ್ಯಕ್ಕೆ ಬೇಡ.

ಇದು ಖರ್ಚಿಗೆ ಕುಮ್ಮಕ್ಕು ಕೊಟ್ಟ ಹಾಗೆ ಅಂತ ಜೊತೆಯವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಆ ಹೆಂಗಸು ಸಾಲ ಮಾಡಿರಲಿಲ್ಲ, ಮನೆಖರ್ಚಿಗೆ ಕೈ ಹಾಕಿರಲಿಲ್ಲ. ಅವರ ನಿದ್ದೆ ಕೆಡಿಸಿದ್ದು ಪೆಟ್ಟಿಗೆಯಲ್ಲ, ಆಡಿದ ಸುಳ್ಳು. ‘ಮಾರಿದರೆ ನಾಲ್ಕು ಕಾಸು ಆಗುತ್ತದೆ’ ಅಂತ ಹೇಳಿಕೊಟ್ಟಿದ್ದರೆ ಮನೆಯವರು ಬೇಗ ಒಪ್ಪುತ್ತಿದ್ದರು, ನಿಜ. ಆದರೆ ಅಡುಗೆ, ಹೊಲಿಗೆ, ಅಡಿಕೆ ಸುಲಿಯುವುದರ ಸಾಲಿಗೆ ಇನ್ನೊಂದು ಕೆಲಸ ಸೇರುತ್ತಿತ್ತು, ಅಷ್ಟೇ. ದುಡಿಯುವ ಹೆಂಗಸಿನ ಸಣ್ಣ ಖುಷಿಗೂ ಲಾಭದ ಲೆಕ್ಕ ಕೇಳುವುದು ನನ್ನ ಮಟ್ಟಿಗೆ ಅನ್ಯಾಯ.

ಹಾಗಂತ ಈ ಬಾಕ್ಸುಗಳ ಬಗ್ಗೆ ಎಚ್ಚರವನ್ನೂ ಹೇಳಿದೆ. ಒಳಗೆ ಏನಿದೆಯೋ ಎಂಬ ಕುತೂಹಲವೇ ಮತ್ತೆ ಮತ್ತೆ ತರಿಸುವಂತೆ ಮಾಡುತ್ತದೆ. ಲಾಟರಿ ಹುಚ್ಚು ಹಿಡಿಸುವುದೂ ಹೀಗೇ. ಆದ್ದರಿಂದ ಮೊದಲಿನ ನೂಲು ಹೆಣೆದು ಮುಗಿಯುವ ತನಕ ಇನ್ನೊಂದು ತರಿಸುವುದಿಲ್ಲ ಅಂತ ನಿಯಮ ಮಾಡಿಕೊಂಡೆವು. ಬಿಚ್ಚದ ಪೆಟ್ಟಿಗೆಗಳು ರಾಶಿ ಬೀಳುತ್ತಿದ್ದರೆ, ತರಿಸಲು ಸಾಲ ಮಾಡುತ್ತಿದ್ದರೆ ಅದು ಬೇರೆಯೇ ವಿಷಯ. ಅಂಥವರು ದಯವಿಟ್ಟು ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.

ಮನೆಯವರಿಗೂ ಒಂದು ಮಾತು. ಪಾರ್ಸೆಲ್ ಬಂದಾಗ ‘ಯಾರಿಗೆ?’ ಅನ್ನುವ ಬದಲು ‘ಏನು ಬಂತು, ತೋರಿಸು’ ಅನ್ನಿ. ಆ ಗಂಡ ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ಹೆಂಡತಿ ತನಗೆ ಅಂತ ಏನಾದರೂ ತರಿಸಿಯಾಳು ಎಂಬುದೇ ಅವರ ತಲೆಗೆ ಬಂದಿರಲಿಲ್ಲ.

ಈಗ ಆಕೆ ಶಾಲು ಹೆಣೆಯುತ್ತಿದ್ದಾರೆ. ನಿದ್ದೆ ಸುಧಾರಿಸಿದೆ, ಎದೆ ಡವಡವ ಇನ್ನೂ ಪೂರ್ತಿ ಹೋಗಿಲ್ಲ, ಭೇಟಿ ಮುಂದುವರಿದಿದೆ. ದೇವರ ಮನೆ ಬಾಗಿಲಿಗೆ ಒಂದು ತೋರಣ ಹಾಕಿಕೊಡು ಅಂತ ಅತ್ತೆ ಕೇಳಿದ್ದಾರೆ. ‘ಶಾಲು ಮುಗಿದ ಮೇಲೆ’ ಅಂದರಂತೆ.