ಗಾಳ, ಗರಿ, ದಾರ: ಫ್ಲೈ ಕಟ್ಟುವ ಹೊಸಬರ ಪ್ರಶ್ನೆಗಳು

ಮೀನನ್ನು ಮರುಳುಮಾಡಲು ಗರಿ, ದಾರ, ತುಪ್ಪಳಗಳನ್ನು ಗಾಳಕ್ಕೆ ಸುತ್ತಿ ಮಾಡುವ ಕೃತಕ ಹುಳುವೇ ಫ್ಲೈ. ಅದನ್ನು ಕೈಯಾರೆ ಕಟ್ಟಲು ಹೊರಟ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಕಿಟ್ ಕೊಳ್ಳಲೇ, ಬಿಡಿಬಿಡಿಯಾಗಿ ಕೊಳ್ಳಲೇ?

ಬಿಡಿಯಾಗಿಯೇ ಕೊಳ್ಳಿ. ಕಿಟ್‌ಗಳಲ್ಲಿ ಹತ್ತು ಬಣ್ಣದ ಗರಿಗಳು ಚಿಟಿಕೆ ಚಿಟಿಕೆ ಇರುತ್ತವೆ. ಆದರೆ ಒಂದೇ ಫ್ಲೈಯನ್ನು ಹತ್ತಾರು ಸಲ ಕಟ್ಟಿ ಕೈ ಕುದುರಿಸಿಕೊಳ್ಳುವಷ್ಟು ಸಾಮಗ್ರಿ ಯಾವುದರದ್ದೂ ಇರುವುದಿಲ್ಲ. ಅಗ್ಗದ ಕಿಟ್‌ಗಳಲ್ಲಿ ಗಾಳವನ್ನು ಹಿಡಿದು ನಿಲ್ಲಿಸುವ ವೈಸ್ ಕೂಡ ಸಾಮಾನ್ಯವಾಗಿ ಕಳಪೆ.

ವೈಸ್, ದಾರದ ಸ್ಪೂಲನ್ನು ಹಿಡಿಯುವ ಬಾಬಿನ್ ಹೋಲ್ಡರ್, ಚೂಪು ಮೊನೆಯ ಸಣ್ಣ ಕತ್ತರಿ, ಗರಿಯನ್ನು ಹಿಡಿದು ಸುತ್ತಲು ಹ್ಯಾಕಲ್ ಪ್ಲೈಯರ್, ಕೊನೆಯ ಗಂಟು ಹಾಕಲು ವಿಪ್ ಫಿನಿಶರ್, ಮರದ ಹಿಡಿ ಹಾಕಿದ ಒಂದು ಸೂಜಿ. ಇಷ್ಟಿದ್ದರೆ ಆರಂಭಿಸಬಹುದು. ತಿರುಗುವ ವೈಸ್ ಈಗಲೇ ಬೇಡ, ಗಾಳವನ್ನು ಅಲುಗಾಡದಂತೆ ಹಿಡಿದರೆ ಸಾಕು. ಕೊಳ್ಳುವ ಮುನ್ನ 8ನೇ ಸೈಜಿನ ಗಾಳವನ್ನು ಸಿಕ್ಕಿಸಿ ಅದರ ಕಣ್ಣಿನ, ಅಂದರೆ ತುದಿಯಲ್ಲಿರುವ ತೂತಿನ, ಬಳಿ ಹೆಬ್ಬೆರಳಿನಿಂದ ಕೆಳಗೆ ಒತ್ತಿ ನೋಡಿ. ಗಾಳ ಸ್ಪ್ರಿಂಗಿನಂತೆ ಬಗ್ಗಿ ಮೇಲೇಳಬೇಕು. ವೈಸ್‌ನ ದವಡೆಯಲ್ಲಿ ಜಾರಿದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ತಂತಿ ಕತ್ತರಿಸಲು ಮನೆಯಲ್ಲಿರುವ ಹಳೆಯ ಕತ್ತರಿಯೊಂದನ್ನು ಬೇರೆ ಇಟ್ಟುಕೊಳ್ಳಿ, ಹೊಸದರ ಮೊನೆಯಿಂದ ತಂತಿ ಕತ್ತರಿಸಿದರೆ ಅದು ಒಂದೇ ದಿನದಲ್ಲಿ ಮೊಂಡಾಗುತ್ತದೆ. ವೈಸ್‌ನ ಹಿಂದೆ ತಿಳಿಬಣ್ಣದ ಹಾಳೆಯೊಂದನ್ನು ನಿಲ್ಲಿಸಿ, ದೀಪ ಮೇಲಿನಿಂದ ಬೀಳುವಂತೆ ಮಾಡಿಕೊಳ್ಳಿ. ಖರ್ಚಿಲ್ಲದ ಈ ಏರ್ಪಾಟಿನಿಂದ ಕಣ್ಣಿಗೆ ಎಷ್ಟೋ ಆರಾಮ.

ಪ್ರಶ್ನೆ: ದಾರದ ಮೇಲೆ ಒಂದರಲ್ಲಿ 6/0 ಎಂದಿದೆ, ಇನ್ನೊಂದರಲ್ಲಿ 140 ಎಂದಿದೆ. ಯಾವುದು ಸರಿ?

ಎರಡೂ ಸರಿ, ಅಳತೆಯ ಪದ್ಧತಿ ಬೇರೆ. 140 ಎಂಬುದು ಡೆನಿಯರ್: 9000 ಮೀಟರ್ ದಾರ ತೂಗುವ ಗ್ರಾಂ. 6/0, 8/0 ಎಂಬ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ದಾರ ಸಣ್ಣ. ಆದರೆ ಇದಕ್ಕೆ ಎಲ್ಲ ತಯಾರಕರೂ ಒಪ್ಪಿದ ಅಳತೆಗೋಲಿಲ್ಲ, ಒಬ್ಬರ 6/0 ಇನ್ನೊಬ್ಬರದ್ದಕ್ಕಿಂತ ದಪ್ಪವಿರಬಹುದು. ಡೆನಿಯರ್ ನೋಡಿಯೇ ಕೊಳ್ಳಿ. 10ನೇ ಸೈಜು ಮತ್ತು ಅದಕ್ಕಿಂತ ದೊಡ್ಡ ಗಾಳಕ್ಕೆ 140, 14 ಮತ್ತು ಅದಕ್ಕಿಂತ ಚಿಕ್ಕದಕ್ಕೆ 70. ನಡುವಿನ 12ಕ್ಕೆ ಎರಡೂ ನಡೆಯುತ್ತವೆ. ಗಾಳದಲ್ಲೂ ಅಂಕಿ ಏರಿದಂತೆ ಗಾತ್ರ ಇಳಿಯುತ್ತದೆ ಎಂಬುದು ನೆನಪಿರಲಿ: 8 ದೊಡ್ಡದು, 18 ಚಿಕ್ಕದು.

ಪ್ರಶ್ನೆ: ಮೊದಲು ಯಾವ ಫ್ಲೈ ಕಟ್ಟಬೇಕು? ಹಂತಹಂತವಾಗಿ ತಿಳಿಸಿ.

ವೂಲಿ ಬಗರ್. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಇದಕ್ಕೆ ಈಗಿನ ರೂಪ ಕೊಟ್ಟರೆನ್ನುತ್ತಾರೆ. ನೀರಿನೊಳಗೆ ಇದು ಜಿಗಣೆಯಂತೆಯೋ ಮರಿಮೀನಿನಂತೆಯೋ ಕಾಣುವುದರಿಂದ ಟ್ರೌಟ್ ಮಾತ್ರವಲ್ಲ, ಬೇಟೆಯಾಡಿ ತಿನ್ನುವ ಮೀನುಗಳೆಲ್ಲ ಇದಕ್ಕೆ ಬಾಯಿ ಹಾಕುತ್ತವೆ. ಗಾತ್ರ ದೊಡ್ಡದು, ಹಾಗಾಗಿ ಸಣ್ಣಪುಟ್ಟ ತಪ್ಪುಗಳನ್ನು ಇದು ನುಂಗಿಕೊಳ್ಳುತ್ತದೆ.

ಬೇಕಾದದ್ದು: 8ನೇ ಸೈಜಿನ ಉದ್ದ ಕಡ್ಡಿಯ (ಕಣ್ಣಿಗೂ ಬಾಗಿಗೂ ನಡುವಿನ ನೇರ ಭಾಗವೇ ಕಡ್ಡಿ) ಸ್ಟ್ರೀಮರ್ ಗಾಳ, 140 ಡೆನಿಯರ್ ಕಪ್ಪು ದಾರ, ಅರ್ಧ ಮಿಲಿಮೀಟರ್ ದಪ್ಪದ ಸೀಸರಹಿತ ಭಾರದ ತಂತಿ, ಸಣ್ಣ ತಾಮ್ರದ ತಂತಿ, ಮೆದುವಾದ ಮರಬೂ ಗರಿ, ಶೆನೀಲ್ (ನಯವಾದ ಜುಂಗಿರುವ ದಪ್ಪ ನೂಲು), ಹುಂಜದ ಉದ್ದನೆಯ ಹ್ಯಾಕಲ್ (ಕತ್ತು ಅಥವಾ ಬೆನ್ನಿನ) ಗರಿ.

ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿ. ಮೊನೆ ಮುರಿಯುವುದಿದ್ದರೆ ಈಗಲೇ ಮುರಿಯಲಿ, ಅರ್ಧ ಗಂಟೆ ಕೂತು ಕಟ್ಟಿದ ಮೇಲಲ್ಲ. ಕಡ್ಡಿ ನೆಲಕ್ಕೆ ಸಮಾನಾಂತರವಾಗಿರುವಂತೆ ಗಾಳವನ್ನು ವೈಸ್‌ಗೆ ಸಿಕ್ಕಿಸಿ. ಕಣ್ಣಿನಿಂದ 3 ಮಿಲಿಮೀಟರ್ ಹಿಂದೆ ದಾರ ಶುರುಮಾಡಿ, ಅದರ ತುದಿಯ ಮೇಲೇ ಐದಾರು ಸುತ್ತು ಹಾಕಿ ತುದಿಯನ್ನು ಕತ್ತರಿಸಿ, ಬಾಗು ಶುರುವಾಗುವವರೆಗೆ ಸುತ್ತುತ್ತಾ ಹೋಗಿ. ಬರಿಯ ಲೋಹದ ಮೇಲೆ ಏನು ಕಟ್ಟಿದರೂ ಜಾರುತ್ತದೆ, ಅದಕ್ಕೇ ಈ ದಾರದ ಹಾಸು.

ಕಡ್ಡಿಯ ನಡುಭಾಗದಲ್ಲಿ ಭಾರದ ತಂತಿಯನ್ನು 12ರಿಂದ 15 ಸುತ್ತು ಹಾಕಿ, ಹಿಂದೆ ಮುಂದೆ ದಾರ ಪೇರಿಸಿ ಅದು ಸರಿಯದಂತೆ ಮಾಡಿ. ಇನ್ನು ಬಾಲ. ಮರಬೂವನ್ನು ಒದ್ದೆ ಬೆರಳಿನಿಂದ ನೇವರಿಸಿ, ಇಲ್ಲದಿದ್ದರೆ ಎಳೆಗಳು ಹಾರಾಡಿ ಅಳತೆಯೇ ಸಿಗುವುದಿಲ್ಲ. ಬಾಲದ ಉದ್ದ ಕಡ್ಡಿಯ ಉದ್ದದಷ್ಟೇ ಇರಲಿ. ಅದಕ್ಕಿಂತ ಉದ್ದವಾದರೆ ಎಸೆಯುವಾಗ ಬಾಗಿಗೆ ಸುತ್ತಿಕೊಳ್ಳುತ್ತದೆ, ಮೀನೂ ಬಾಲವನ್ನಷ್ಟೇ ಕಚ್ಚಿ ಬಿಟ್ಟುಬಿಡುತ್ತದೆ. ಗರಿಯ ಬುಡವನ್ನು ಬಾಲದ ಹತ್ತಿರವೇ ಕತ್ತರಿಸಬೇಡಿ. ಭಾರದ ತಂತಿಯವರೆಗೂ ಒರಗಿಸಿ ಕಟ್ಟಿ, ಆಗ ಮೈ ಉಬ್ಬುತಗ್ಗಿಲ್ಲದೆ ಸಮವಾಗಿ ಬರುತ್ತದೆ.

ಬಾಲದ ಬುಡದಲ್ಲಿ 10 ಸೆಂಟಿಮೀಟರ್ ತಾಮ್ರದ ತಂತಿಯನ್ನು ಕಟ್ಟಿ ಹಿಂದಕ್ಕೆ ಬಿಡಿ. ಶೆನೀಲ್‌ನ ತುದಿಯಿಂದ 5 ಮಿಲಿಮೀಟರಿನಷ್ಟು ನಯವನ್ನು ಉಗುರಿನಿಂದ ಕಿತ್ತು, ಒಳಗಿನ ನೂಲು ಕಂಡಾಗ ಆ ನೂಲನ್ನೇ ಕಟ್ಟಿ. ದಾರವನ್ನು ಮುಂದಕ್ಕೆ ತಂದು, ಶೆನೀಲನ್ನು ಒತ್ತೊತ್ತಾಗಿ ಸುತ್ತಿ, ಕಣ್ಣಿನಿಂದ 3 ಮಿಲಿಮೀಟರ್ ಹಿಂದೆ ನಿಲ್ಲಿಸಿ ನಾಲ್ಕು ಬಿಗಿ ಸುತ್ತು ಹಾಕಿ.

ಹ್ಯಾಕಲ್ ಗರಿಯ ಬುಡದ ಪುಕ್ಕವನ್ನು ಕಿತ್ತು, ಹೊಳಪಿಲ್ಲದ ಒಳಮೈ ಬಾಲದ ಕಡೆಗೆ ಬರುವಂತೆ ಮುಂದುಗಡೆ ಕಟ್ಟಿ. ಅಲ್ಲೇ ಎರಡು ಸುತ್ತು, ಆಮೇಲೆ ಬಾಲದವರೆಗೆ ಐದಾರು ಸುತ್ತು ಅಂತರ ಬಿಟ್ಟು ಹಿಂದಕ್ಕೆ ತನ್ನಿ. ಗರಿಯ ತುದಿಯನ್ನು ತಾಮ್ರದ ತಂತಿಯ ಒಂದು ಸುತ್ತಿನಿಂದ ಅದುಮಿ ಹಿಡಿದು, ತಂತಿಯನ್ನು ಗರಿಯ ಎಳೆಗಳ ನಡುವೆ ಅತ್ತಿತ್ತ ಆಡಿಸುತ್ತಾ ಮುಂದಕ್ಕೆ ಸುತ್ತಿ. ಗರಿ ಹಿಂದಕ್ಕೆ, ತಂತಿ ಮುಂದಕ್ಕೆ ಹೋಗುವುದರಿಂದ ತಂತಿ ಗರಿಯ ದಿಂಡನ್ನು ಪ್ರತಿ ಸುತ್ತಿನಲ್ಲೂ ಅಡ್ಡ ಹಾಯುತ್ತದೆ. ಮೀನಿನ ಹಲ್ಲು ತಾಗಿ ದಿಂಡು ಒಂದು ಕಡೆ ತುಂಡಾದರೂ ಗರಿ ಬಿಚ್ಚಿಕೊಳ್ಳುವುದಿಲ್ಲ. ಈ ತಂತಿಯನ್ನು ಬಿಟ್ಟುಬಿಡುವ ಕ್ರಮವೂ ಇದೆ, ಆದರೆ ಅಂಥ ಫ್ಲೈ ಹೆಚ್ಚು ಬಾಳುವುದಿಲ್ಲ. ತಂತಿಯನ್ನು ಕಟ್ಟಿದ ಮೇಲೆ ಹಿಂದೆ ಮುಂದೆ ಆಡಿಸಿ ಮುರಿಯಿರಿ. ಎಳೆಗಳನ್ನು ಹಿಂದಕ್ಕೆ ನೇವರಿಸಿ, ದಾರದಿಂದ ಪುಟ್ಟ ತಲೆ ಮಾಡಿ, ಐದು ಸುತ್ತಿನ ವಿಪ್ ಫಿನಿಶ್ ಎರಡು ಬಾರಿ ಹಾಕಿ, ಸೂಜಿಯ ಮೊನೆಯಿಂದ ಒಂದು ಹನಿ ಹೆಡ್ ಸಿಮೆಂಟ್ (ಗಂಟನ್ನು ಭದ್ರಪಡಿಸುವ ಅಂಟು) ಮುಟ್ಟಿಸಿ.

ಹೀಗೆ ಒಂದು ಡಜನ್ ಮುಗಿಸುವವರೆಗೂ ಬೇರೆ ಫ್ಲೈಗೆ ಕೈ ಹಾಕಬೇಡಿ. ಹನ್ನೆರಡನ್ನೂ ಸಾಲಾಗಿ ಜೋಡಿಸಿಟ್ಟರೆ ಯಾವ ಹಂತದಲ್ಲಿ ಕೈ ತಪ್ಪುತ್ತಿದೆಯೆಂದು ನಿಮಗೇ ಕಾಣುತ್ತದೆ.

ಪ್ರಶ್ನೆ: ದಾರ ಪದೇ ಪದೇ ತುಂಡಾಗುತ್ತಿದೆ. ಭಯದಿಂದ ಸಡಿಲ ಬಿಟ್ಟರೆ ಎಲ್ಲ ಬಿಚ್ಚಿಕೊಳ್ಳುತ್ತದೆ.

ನಿಮ್ಮ ದಾರ ತಡೆಯುವ ಎಳೆತ ಎಷ್ಟೆಂದು ಮೊದಲು ಕೈಗೆ ಗೊತ್ತಾಗಬೇಕು. ಖಾಲಿ ಗಾಳಕ್ಕೆ ದಾರ ಸುತ್ತಿ, ತುಂಡಾಗುವವರೆಗೂ ಬೇಕೆಂದೇ ನಿಧಾನವಾಗಿ ಎಳೆಯಿರಿ. ಹತ್ತು ಸಲ ಹೀಗೆ ಮಾಡಿದರೆ ತುಂಡಾಗುವ ಮುಂಚಿನ ಹಂತ ಬೆರಳಿಗೆ ಪರಿಚಯವಾಗುತ್ತದೆ. ಸಾಮಗ್ರಿಯನ್ನು ಕಟ್ಟುವಾಗ ಆ ಹಂತದ ಹತ್ತಿರಕ್ಕೆ ಬನ್ನಿ, ಬರಿದೇ ದಾರವನ್ನು ಮುಂದಕ್ಕೆ ಒಯ್ಯುವಾಗ ಅಷ್ಟು ಬೇಡ.

ಜೋರಾಗಿ ಎಳೆಯದಿದ್ದರೂ ತುಂಡಾಗುತ್ತಿದ್ದರೆ ಕಾರಣ ಬೇರೆ. ಸಾಮಾನ್ಯವಾಗಿ ತಪ್ಪಿತಸ್ಥ ಗಾಳದ ಮೊನೆ: ಬಾಲದ ಹತ್ತಿರ ಸುತ್ತುವಾಗ ದಾರ ಅದಕ್ಕೆ ತಾಗಿ ಅರ್ಧ ಎಳೆ ಹರಿದಿರುತ್ತದೆ. ಇನ್ನೊಂದು, ಬಾಬಿನ್ ಕೊಳವೆಯ ಒರಟು ಅಂಚು. ದಾರ ಕೊಳವೆಯ ಬಾಯಲ್ಲೇ ಜುಂಗು ಜುಂಗಾಗಿ ಹೊರಬರುತ್ತಿದ್ದರೆ ಬಾಬಿನ್ ಬದಲಿಸಿ, ಸೆರಾಮಿಕ್ ಕೊಳವೆಯದು ಉತ್ತಮ. ಬಾಬಿನ್‌ನ ಕಾಲುಗಳು ಸ್ಪೂಲನ್ನು ತೀರಾ ಬಿಗಿಯಾಗಿ ಹಿಡಿದಿದ್ದರೂ ದಾರ ಹರಿಯುತ್ತದೆ. ಆ ಕಾಲುಗಳನ್ನು ಸ್ವಲ್ಪ ಅಗಲಿಸಿ. ಕೈ ಬಿಟ್ಟರೆ ಬಾಬಿನ್ ತನ್ನ ಭಾರಕ್ಕೆ ಇಳಿಯದೆ ನೇತಾಡಬೇಕು, ಮೆಲ್ಲಗೆ ಎಳೆದರೆ ದಾರ ಬಿಡಬೇಕು.

ಪ್ರಶ್ನೆ: ಗರಿಯನ್ನು ಕಡ್ಡಿಯ ಮೇಲೆ ಇಟ್ಟು ಕಟ್ಟಿದರೂ ಅದು ಆಚೆ ಬದಿಗೆ ಉರುಳುತ್ತದೆ.

ದಾರ ನಿಮ್ಮಿಂದ ಆಚೆಗೆ ಸುತ್ತುತ್ತದೆ, ಜೊತೆಗೆ ಗರಿಯನ್ನೂ ಎಳೆದೊಯ್ಯುತ್ತದೆ. ಗರಿಯನ್ನೂ ಕಡ್ಡಿಯನ್ನೂ ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಸುಕಿ ಹಿಡಿಯಿರಿ. ದಾರವನ್ನು ಎರಡು ಬೆರಳುಗಳ ಸಂದಿಯಲ್ಲಿ ಮೇಲೇರಿಸಿ, ಸಡಿಲ ಕುಣಿಕೆಯಾಗಿ ಆಚೆ ಇಳಿಸಿ, ಆಮೇಲೆ ನೇರ ಕೆಳಕ್ಕೆ ಎಳೆದು ಬಿಗಿ ಮಾಡಿ. ಇಂಥ ಎರಡು ಮೂರು ಸುತ್ತು ಬೀಳುವವರೆಗೂ ಬೆರಳು ಸಡಿಲಿಸಕೂಡದು. ಕುತೂಹಲಕ್ಕೆ ಬೆರಳು ತೆಗೆದು ನೋಡುವುದರಿಂದಲೇ ಹೆಚ್ಚಿನವು ಉರುಳುವುದು. ಎಡಚರಾದರೆ ಇದೆಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಿ.

ಪ್ರಶ್ನೆ: ಮೈ ಮಾಡಲು ದಾರಕ್ಕೆ ಹೊಸೆಯುವ ಡಬ್ಬಿಂಗ್ ತುಪ್ಪಳ ಅದಕ್ಕೆ ಅಂಟುವುದೇ ಇಲ್ಲ.

ಹೆಚ್ಚು ತೆಗೆದುಕೊಳ್ಳುತ್ತಿದ್ದೀರಿ. ಸಾಕೆನಿಸಿದ್ದರಲ್ಲಿ ಅರ್ಧ ತೆಗೆದಿಡಿ, ಉಳಿದದ್ದರಲ್ಲಿ ಮತ್ತೆ ಅರ್ಧ ತೆಗೆದಿಡಿ. ದಾರದ ಬಣ್ಣ ಮಬ್ಬಾಗಿ ಕಾಣುವಷ್ಟು ತೆಳುವಾಗಿರಲಿ. ಒಂದೇ ದಿಕ್ಕಿಗೆ ಹೊಸೆಯಿರಿ. ಬೆರಳನ್ನು ಹಿಂದೆ ಮುಂದೆ ಉಜ್ಜಿದರೆ ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಬೆರಳು ತೀರಾ ಒಣಗಿದ್ದರೆ ದಾರಕ್ಕೆ ಚೂರು ಮೇಣ ಸವರಿ.

ಪ್ರಶ್ನೆ: ಫ್ಲೈ ಮುಗಿಸುವ ಹೊತ್ತಿಗೆ ಗಾಳದ ಕಣ್ಣೇ ಮುಚ್ಚಿಹೋಗಿರುತ್ತದೆ.

ಶುರುವಿನಲ್ಲೇ ಕಣ್ಣಿನ ಹಿಂದೆ ಕಣ್ಣಿನಷ್ಟೇ ಉದ್ದದ ಜಾಗ ಬಿಟ್ಟು, ಅಲ್ಲಿ ಬೇರೆ ಬಣ್ಣದ ದಾರದಿಂದ ಒಂದು ಗುರುತಿನ ಸುತ್ತು ಹಾಕಿ. ಯಾವ ಸಾಮಗ್ರಿಯೂ ಅದನ್ನು ದಾಟಬಾರದು. ಸಿಮೆಂಟ್ ಕಣ್ಣಿಗಿಳಿದರೆ ಒಣಗುವ ಮೊದಲೇ ಗರಿಯ ದಿಂಡೊಂದನ್ನು ಅದರಲ್ಲಿ ತೂರಿಸಿ ತೆಗೆಯಿರಿ.

ಪ್ರಶ್ನೆ: ನಾನು ಕಟ್ಟಿದ ಡ್ರೈ ಫ್ಲೈ ನೀರಿನ ಮೇಲೆ ಮಗುಚಿಕೊಳ್ಳುತ್ತದೆ, ಬೇಗ ಮುಳುಗುತ್ತದೆ.

ಮಗುಚುವುದು ಅಳತೆಯ ದೋಷ. ಹ್ಯಾಕಲ್ ಎಳೆಯ ಉದ್ದ ಗಾಳದ ಬಾಯಿಯ, ಅಂದರೆ ಕಡ್ಡಿಯಿಂದ ಮೊನೆಯವರೆಗಿನ ಅಂತರದ, ಒಂದೂವರೆ ಪಟ್ಟು ಇರಬೇಕು. ಬಾಲ ಕಡ್ಡಿಯಷ್ಟು ಉದ್ದವಿರಲಿ, ಎಳೆಗಳು ಗಡುಸಾಗಿರಲಿ. ಗರಿಯನ್ನು ಕಟ್ಟುವ ಮುನ್ನವೇ ಗಾಳದ ಪಕ್ಕ ಬಗ್ಗಿಸಿ ಹಿಡಿದು ಅಳೆಯಿರಿ. ಉದ್ದವಾಯಿತೆಂದು ಕಟ್ಟಿದ ಮೇಲೆ ಕತ್ತರಿಸಿದರೆ ಎಳೆಯ ಸಹಜ ಮೊನಚು ಹೋಗಿ ಮೊಂಡು ತುದಿ ಉಳಿಯುತ್ತದೆ.

ಮುಳುಗಲು ಬಹುಶಃ ಹೇಂಟೆಗರಿ ಕಾರಣ. ಹೇಂಟೆಯ ಗರಿ ಮೆದು, ನೀರು ಹೀರುತ್ತದೆ. ನೀರಿನೊಳಗೆ ಇಳಿಯಬೇಕಾದ ವೆಟ್ ಫ್ಲೈಗೆ ಅದು ಸೊಗಸು. ತೇಲಬೇಕಾದದ್ದಕ್ಕೆ ಹುಂಜದ ಗಡುಸು ಗರಿಯನ್ನೂ ಸಣ್ಣ ತಂತಿಯ ಹಗುರ ಗಾಳವನ್ನೂ ಬಳಸಿ. ಹೊಸಬರಿಗೆ ಡ್ರೈ ಫ್ಲೈ ಸ್ವಲ್ಪ ಕಠಿಣವೇ. ಬಗರ್ ಆದ ಮೇಲೆ ಫೆಸೆಂಟ್ ಟೇಲ್ ನಿಂಫ್ (ನೀರಹುಳುವಿನ ಮರಿಯನ್ನು ಹೋಲುವ ಫ್ಲೈ) ಕಟ್ಟಿ, ಆಮೇಲೆ ಇದಕ್ಕೆ ಬನ್ನಿ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರರಾಗಿದ್ದ ಫ್ರಾಂಕ್ ಸಾಯರ್ ಆ ನಿಂಫನ್ನು ದಾರವೇ ಇಲ್ಲದೆ, ಫೆಸೆಂಟ್ ಹಕ್ಕಿಯ ಬಾಲದ ಎಳೆ ಮತ್ತು ಸಣ್ಣ ತಾಮ್ರದ ತಂತಿ ಎರಡರಿಂದಲೇ ಕಟ್ಟುತ್ತಿದ್ದರು. ಕಟ್ಟುವುದಕ್ಕೂ ಭಾರಕ್ಕೂ ಅದೇ ತಂತಿ.

ಪ್ರಶ್ನೆ: ಡಬ್ಬಿಯಲ್ಲಿಟ್ಟ ಗರಿಗಳಿಂದ ಪುಡಿ ಉದುರುತ್ತಿದೆ. ಎಸೆಯಬೇಕೇ?

ಹುಳು ಬಿದ್ದಿದೆ. ಎಳೆಗಳು ತಿಂದುಹೋಗಿದ್ದರೆ ಎಸೆಯಿರಿ. ಚೆನ್ನಾಗಿರುವುದನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಡಿ, ಹೊರತೆಗೆದು ಒಂದೆರಡು ದಿನ ಬಿಟ್ಟು ಮತ್ತೊಂದು ವಾರ ಇಡಿ. ಮೊದಲ ಸಲ ಉಳಿದ ಮೊಟ್ಟೆ ನಡುವೆ ಒಡೆದರೆ ಎರಡನೆಯ ಸಲಕ್ಕೆ ಆ ಮರಿಗಳು ಸಾಯುತ್ತವೆ. ಡಬ್ಬಿಯನ್ನು ಬಿಸಿನೀರು ಸೋಪಿನಿಂದ ತೊಳೆದು ಒಣಗಿಸಿ. ಹೊಸದಾಗಿ ತಂದ ಗರಿ, ತೊಗಲುಗಳನ್ನೂ ಹೀಗೆಯೇ ಫ್ರೀಜರ್‌ನಿಂದ ದಾಟಿಸಿದ ಮೇಲಷ್ಟೇ ಉಳಿದವುಗಳ ಜೊತೆ ಸೇರಿಸಿ.